ಚೊಗರು ಬಳಿದ ಡಬಲ್ ಬೇಸ್

ಶಿವಮೊಗ್ಗ
ಬುಧವಾರ, ೧೨ ಅಕ್ಟೋಬರ್ ೧೯೩೮

ಶ್ರೀಯುತ ರಾಮಚಂದ್ರಪ್ಪನವರಿಗೆ,

ಸುಭದ್ರಮ್ಮನ ನಮಸ್ಕಾರಗಳು. ಹೆಂಡತಿಯಾದವಳು ಗಂಡನ ಹೆಸರು ಬರೆಯಬಾರದೆಂದು ನಿಮ್ಮ ತಾಯಿ ಹೇಳುತ್ತಿದ್ದರು. ಲಕೋಟೆಯ ಮೇಲೆ ಬರೆಯದಿದ್ದರೆ ಅಂಚೆಯವನು ತಲುಪಿಸುವುದಿಲ್ಲ. ಹೊರಗೆ ಬರೆದ ಮೇಲೆ ಒಳಗೆ ನಾಚಿಕೊಳ್ಳುವುದೇಕೆಂದು ಇಲ್ಲಿಯೂ ಬರೆದಿದ್ದೇನೆ.

ನೀವು ಕೇಳಿದ್ದು ಎರಡು. ಭದ್ರಾವತಿಯ ಮನೆಯ ಹಾಲಿನಲ್ಲಿ ನಿಲ್ಲಿಸಿರುವ, ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್ ನಿಜವಾಗಿಯೂ ಹಳೆಯ ಜರ್ಮನ್ ವಾದ್ಯವೇ ಎಂಬುದು ಒಂದು. ಎಂಟು ವರ್ಷ ಬೇರೆ ಇದ್ದದ್ದು ಸಾಕು, ಈ ದೀಪಾವಳಿಗೆ ಆ ಮನೆಗೆ ಹಿಂತಿರುಗುತ್ತೇನೆಯೇ ಎಂಬುದು ಇನ್ನೊಂದು. ಬಂದರೆ ವಾದ್ಯ ನನ್ನದು, ಬರದಿದ್ದರೆ ನಿಮ್ಮ ಕ್ಲಬ್ಬಿನ ಮೂಲೆಗೆ ಎಂದಿರಿ. ಭಾನುವಾರ ವಾದ್ಯ ನೋಡಲು ಅಲ್ಲಿಗೆ ಬಂದಾಗ ನಾನು ಉತ್ತರ ಕೊಡಲಿಲ್ಲ. ವಾದ್ಯ ಮಾರಿದ ಜಲೀಲ್ ಸಾಹೇಬರು ಎದುರಿಗೆ ಕೂತಿದ್ದರು. ಅವರ ಮುಂದೆ ನಿಮ್ಮ ಮರ್ಯಾದೆ ಉಳಿಸಿದ್ದಕ್ಕೆ ನನಗೆ ಈಗ ಸ್ವಲ್ಪ ಪಶ್ಚಾತ್ತಾಪವಿದೆ.

ಮೊದಲು ವಾದ್ಯದ ವಿಷಯ.

ಬಾಗಿಲು ದಾಟಿದಾಗ ನೀವು ಹೊಸ ಬೀರು ಕೊಂಡಿದ್ದೀರೆಂದೇ ತಿಳಿದೆ. ಅಷ್ಟು ಕೆಂಪು, ಅಷ್ಟು ಹೊಳಪು. "ಹೆಂಗೆ ಹೊಳೀತಿದೆ ನೋಡು ಮಾರಾಯ್ತಿ!" ಎಂದಿರಿ. ಹತ್ತಿರ ಹೋದರೆ ಅಡಿಕೆ ಬೇಯಿಸುವ ಹಂಡೆಯ ವಾಸನೆ. ಯಾಕೆಂದು ಕೇಳಿದ್ದಕ್ಕೆ ನಿಮ್ಮ ಅಡಿಕೆ ಮಂಡಿಯ ಕೆಂಚಪ್ಪ ಹೆಮ್ಮೆಯಿಂದ ಮುಂದೆ ಬಂದ. "ಮಂಕಾಗಿತ್ತು ಅಮ್ಮಾವ್ರೇ. ಯಜಮಾನ್ರು ಹೇಳಿದ್ರು, ಚೊಗರು ಕೊಟ್ಟೆ. ಅಡಿಕೆಗೂ ಇಷ್ಟು ಚೆನ್ನಾಗಿ ಹತ್ತಲ್ಲ ನೋಡಿ!"

ಅವನನ್ನು ದೂರುವುದಿಲ್ಲ. ಅಡಿಕೆ ಬೇಯಿಸಿದ ನೀರನ್ನು ಬತ್ತಿಸಿ, ಆ ಕೆಂಪು ರಸವನ್ನು ಅಡಿಕೆಗೇ ಬಳಿದು ಒಣಗಿಸಿ ಹೊಳಪು ಬರಿಸುವುದು ಅವನ ಕಸುಬು. ಆದರೆ ನೀವು? ಮಂಡಿಗೆ ಬಂದ ಮೂಟೆಯಂತೆ ಅದನ್ನು ಗೆಣ್ಣಿನಿಂದ ಬಡಿದು, ಒಂದು ಬದಿ ಎತ್ತಿ ತೂಕ ನೋಡಿ, ಮೂಸಿ, ಬಣ್ಣ ಸಾಲದೆಂದು ತೀರ್ಮಾನಿಸಿದ್ದೀರಿ. ಯಾರೋ ಬೇರೆ ದೇಶದಲ್ಲಿ ಕೂತು ಹಚ್ಚಿದ ವಾರ್ನಿಷ್ ನಿಮ್ಮ ಕಣ್ಣಿಗೆ ಕೊಳೆಯಾಗಿ ಕಂಡಿತು. ಜಲೀಲ್ ಸಾಹೇಬರು ತಲೆ ಚಚ್ಚಿಕೊಂಡರು. "ನಾನು ಕೊಟ್ಟಾಗ ಹಿಂಗಿರ್ಲಿಲ್ಲ ಅಮ್ಮಾ, ಖುದಾ ಕಸಂ. ಇನ್ನೆರಡು ದಿನ ಬಿಟ್ಟಿದ್ರೆ ನಿಮ್ಮ ಯಜಮಾನ್ರು ಅದನ್ನ ಸುಲಿದು, ಬೇಯ್ಸಿ, ಚಾಪೆ ಮೇಲೆ ಒಣಗ್ಸಿಬಿಡ್ತಿದ್ರು!" ಎಂದರು. ನೀವು, "ನಗಬೇಡಿ ಸಾಬ್, ಬಣ್ಣ ಇಲ್ದ ಮಾಲು ಯಾರ ಕಣ್ಣಿಗೂ ಬೀಳಲ್ಲ" ಎಂದು ಅವರಿಗೇ ವ್ಯಾಪಾರ ಕಲಿಸಿದಿರಿ.

ಆಮೇಲೆ ಬ್ಯಾಟರಿ ದೀಪ ಬಿಟ್ಟು ಒಳಗಿನ ಚೀಟಿ ತೋರಿಸಿದಿರಿ. "ಜರ್ಮನ್ ಅಕ್ಷರ. ಇನ್ನೇನು ಬೇಕು?" ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು. ನಾನು ನೋಡಿದ್ದು ಬೇರೆ. ಮುಂಭಾಗದ ಹಲಗೆಯನ್ನು ಬಗ್ಗಿಸಿ ಒತ್ತಿಲ್ಲ, ಕೆತ್ತಿ ಉಬ್ಬು ತೆಗೆದಿದ್ದಾರೆ. ಮರದ ಗೆರೆಗಳು ನಡುವಿನಲ್ಲಿ ಒತ್ತಾಗಿ, ಅಂಚಿಗೆ ಹೋದಂತೆ ಬಿಡಿಬಿಡಿಯಾಗಿವೆ. ಬೆರಳಾಡಿಸುವ ಪಟ್ಟಿ ನಿಜವಾದ ಕರಿಮರ, ಕಪ್ಪು ಬಳಿದದ್ದಲ್ಲ. ನುಡಿಸುವವರ ಮೈ ತಾಗುವ ಭುಜದ ಹತ್ತಿರ ಮರ ಸವೆದಿದೆ. ಆ ಸವೆತವನ್ನು ಯಾರೂ ಒಂದು ದಿನದಲ್ಲಿ ಮಾಡಲಾರರು. ಕೆಳಗಿನ ಒಂದು ಬೆಸುಗೆ ಬಿಟ್ಟಿದೆ, ಹಿಂದೊಮ್ಮೆ ಮುರಿದಿದ್ದ ಕತ್ತನ್ನು ಕೂಡಿಸಿದ್ದಾರೆ, ಚೆನ್ನಾಗಿಯೇ ಕೂಡಿಸಿದ್ದಾರೆ.

ತಂತಿ ಬಿಗಿದು ಮೀಟಿದರೆ ಖಾಲಿ ಪೆಟ್ಟಿಗೆಯ ಸದ್ದು. ಒಳಗೆ ಮುಂದಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ಒಂದು ಗುಂಡು ಕಡ್ಡಿ ನಿಂತಿರಬೇಕು. ಅದಿಲ್ಲದೆ ದನಿ ಹುಟ್ಟುವುದಿಲ್ಲ. ಕಡ್ಡಿಯೆಲ್ಲಿ ಎಂದರೆ, "ಅಯ್ಯೋ, ಅದಾ? ಒಳಗೆ ಲೊಡಲೊಡ ಅಂತಿತ್ತು. ಕಸ ಅಂತ ತೆಗೆಸಿಬಿಟ್ಟೆ" ಎಂದಿರಿ. ಅಡುಗೆಮನೆಯಿಂದ ಕೆಲಸದ ಶಾಂತಮ್ಮ ಕೂಗಿ ಹೇಳಿದಳು: "ಇಲ್ಲೈತೆ ಅಮ್ಮಾ, ಕಿಟಕಿ ಬಡ್ಕೊಳ್ತಿತ್ತು, ಆನಿಸಿದ್ದೀನಿ. ಒಳ್ಳೆ ಅಳತೇಗೆ ಸಿಕ್ತು!" ವಾದ್ಯದ ಜೀವ ನಿಮ್ಮ ಮನೆಯಲ್ಲಿ ಕಿಟಕಿಗೆ ಆನಿಕೆಯಾಗಿತ್ತು. ತಂತಿ ಸಡಿಲಿಸಿ, ಬಗ್ಗಿಸಿದ ಕಬ್ಬಿಣದ ಸರಿಗೆಯಿಂದ ಅದನ್ನು ಒಳಗೆ ನಿಲ್ಲಿಸಲು ನಾನು ಎಲ್ಲರನ್ನೂ ಹೊರಗೆ ಕಳಿಸಿದ್ದು ಸಿಟ್ಟಿನಿಂದಲ್ಲ. ಆಗ ನನ್ನ ಮುಖವನ್ನು ಯಾರೂ ನೋಡುವುದು ಬೇಕಿರಲಿಲ್ಲ. ನಿಂತ ಮೇಲೆ ದನಿಯನ್ನು ಪರೀಕ್ಷಿಸಿದೆ.

ತೀರ್ಪು ಇದು: ವಾದ್ಯ ಅಸಲು. ಜರ್ಮನಿಯ ಒಳ್ಳೆಯ ಕಾರ್ಯಾಗಾರವೊಂದರಲ್ಲಿ ಕೈಯಿಂದ ಮಾಡಿದ್ದು, ನಮ್ಮಿಬ್ಬರಿಗಿಂತಲೂ ಹಿರಿಯದು. ಇದನ್ನು ಜಲೀಲ್ ಸಾಹೇಬರಿಗೆ ಮಾರಿ ಊರಿಗೆ ಹಿಂದಿರುಗಿದ ಆ ಜರ್ಮನ್ ಇಂಜಿನಿಯರು ಅದನ್ನು ಬಿಟ್ಟುಹೋಗುವಾಗ ಅತ್ತಿದ್ದರೂ ಆಶ್ಚರ್ಯವಿಲ್ಲ. ಜಲೀಲ್ ಸಾಹೇಬರು ಮೋಸ ಮಾಡಿಲ್ಲ. ಮಾಡಿದ್ದರೂ ನಿಮಗೆ ತಿಳಿಯುತ್ತಿರಲಿಲ್ಲ.

ಇದು ಬರೀ ಸೌದೆ ಎಂದು ಬರೆಯಬಹುದಿತ್ತು. ನೀವು ಮರುದಿನವೇ ಗಾಡಿ ಮಾಡಿ ಅವರ ಅಂಗಡಿಗೆ ವಾಪಸು ಎಸೆಯುತ್ತಿದ್ದಿರಿ, ನಾನು ಅಲ್ಲಿಂದ ಸದ್ದಿಲ್ಲದೆ ತರಿಸಿಕೊಳ್ಳುತ್ತಿದ್ದೆ. ರೈಲು ಶಿವಮೊಗ್ಗ ತಲುಪುವವರೆಗೆ ಇದನ್ನೇ ಯೋಚಿಸಿದೆ, ವಾಕ್ಯಗಳೂ ಸಿದ್ಧವಾಗಿದ್ದವು. ಬರೆಯದಿದ್ದದ್ದು ನಿಮ್ಮ ಮೇಲಿನ ದಯೆಯಿಂದಲ್ಲ. ನಿಮಗೆ ಸುಳ್ಳು ಹೇಳಬೇಕಾದಷ್ಟು ನಾನು ನಿಮಗೆ ಹೆದರುತ್ತೇನೆಯೇ ಎಂದು ಕೇಳಿಕೊಂಡೆ. ಇಲ್ಲ ಎನ್ನಿಸಿತು. ಹಾಗಾಗಿ ನಿಜ ಬರೆದಿದ್ದೇನೆ.

ಎರಡನೆಯ ಪ್ರಶ್ನೆ. ಊಟದ ಹೊತ್ತಿಗೆ ನೀವೇ ಬಾಯಿಬಿಟ್ಟಿರಿ: "ಬರೋ ವರ್ಷ ಕ್ಲಬ್ ಸೆಕ್ರೆಟರಿ ಆಗ್ತೀನಿ. ದೊಡ್ಡ ದೊಡ್ಡ ಇಂಜಿನಿಯರ್ಗಳು ಮನೇಗೆ ಬರ್ತಾರೆ. ಇಂಗ್ಲಿಷಲ್ಲಿ ನಾಲ್ಕು ಮಾತಾಡಿ ಟೀ ಕೊಡೋರು ಬೇಕಲ್ವಾ? ಆಮೇಲೆ ನೀನು ಇದನ್ನ ಸ್ವಲ್ಪ ಬಾರಿಸಿದ್ರೆ ಎಲ್ರೂ ಬಾಯ್ ಬಿಟ್ಕೊಂಡು ನೋಡ್ತಾರೆ." ಅಂದರೆ ನನಗೂ ಒಂದು ಕೈ ಚೊಗರು ಬಳಿದು ಹಾಲಿನಲ್ಲಿ ನಿಲ್ಲಿಸುವ ಯೋಚನೆ. ನಾನು ಶಾಲೆಯ ಕೆಲಸಕ್ಕೆ ಹೊರಟಾಗ, ಹೆಂಡತಿ ಸಂಬಳ ತರುವ ಮನೆಗೆ ಮಂಡಿಯವರು ಉಗುಳುತ್ತಾರೆ ಎಂದವರು ನೀವು. ಆಗ ಅವಮಾನವಾಗಿದ್ದ ಇಂಗ್ಲಿಷ್ ಈಗ ಟೀ ಲೋಟದ ಜೊತೆಗೆ ಬೇಕಾಗಿದೆ. ನನ್ನ ಉತ್ತರ: ಬರುವುದಿಲ್ಲ. ಈ ದೀಪಾವಳಿಗೂ ಇಲ್ಲ, ಮುಂದಿನದಕ್ಕೂ ಇಲ್ಲ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಒಂದು ವಿಷಯ ಅಡ್ಡ ಬರುತ್ತಿದೆ. ಹೆಣ್ಣು ನೋಡಲು ಬಂದಾಗ ನಮ್ಮ ಗೋಡೆಯ ಮೇಲೆ ಬೆಂಗಳೂರಿನ ಶಾಲೆಯ ವಾದ್ಯವೃಂದದ ಫೋಟೋ ಇತ್ತು. ಎಲ್ಲರಿಗಿಂತ ಎತ್ತರವೆಂದು ನನಗೆ ಡಬಲ್ ಬೇಸ್ ಕೊಟ್ಟಿದ್ದರು. "ನಿಂತ್ಕೊಂಡು ಬಾರಿಸ್ತಾಳಾ? ಹೆಣ್ ಹುಡ್ಗಿ?" ಎಂದು ನಿಮ್ಮ ತಾಯಿ ನಕ್ಕರು, ನೀವೂ ನಕ್ಕಿರಿ. ಮದುವೆಯಾದ ಮೇಲೆ ಹಾರ್ಮೋನಿಯಂ ತಂದುಕೊಟ್ಟಿರಿ, ನಾನು ಮುಟ್ಟಲಿಲ್ಲ. ಆ ಫೋಟೋದ ಮಾತು ಮನೆಯಲ್ಲಿ ಮತ್ತೆ ಬರಲೇ ಇಲ್ಲ. ಇಷ್ಟು ವರ್ಷದ ಮೇಲೆ ಜಲೀಲ್ ಸಾಹೇಬರ ಅಂಗಡಿಯ ಕತ್ತಲಲ್ಲಿ ಈ ವಾದ್ಯವನ್ನು ಕಂಡು, ಫೋಟೋದಲ್ಲಿದ್ದದ್ದು ಇಂಥದ್ದೇ ಎಂದು ಗುರುತು ಹಿಡಿದಿರಿ. ನಿಮಗೆ ಅದು ನೆನಪಿತ್ತೆಂಬುದು ನನ್ನ ತಿರಸ್ಕಾರಕ್ಕೆ ಅನುಕೂಲವಾಗಿಲ್ಲ. ನಾಲ್ಕು ದಿನದಿಂದ ಅದರ ಜೊತೆ ಜಗಳವಾಡುತ್ತಿದ್ದೇನೆ. ನೆನಪಿಟ್ಟುಕೊಂಡವನು ಕ್ಲಬ್ಬಿನ ಅತಿಥಿಗಳನ್ನು ಎಣಿಸದೆ ಅದನ್ನು ಕೊಡಬಹುದಿತ್ತಲ್ಲ ಎಂದು ಕೇಳಿಕೊಳ್ಳುತ್ತೇನೆ. ಕೊಟ್ಟಿದ್ದರೆ ನಾನು ತೆಗೆದುಕೊಳ್ಳುತ್ತಿದ್ದೆನೇ? ಅದೂ ಗೊತ್ತಿಲ್ಲ.

ಕೆಂಚಪ್ಪನಿಗೆ ಹೇಳಿ, ಇನ್ನು ಏನನ್ನೂ ಬಳಿಯುವುದು ಬೇಡ. ಬಿಸಿಲಿಗಂತೂ ಇಡಲೇಬೇಡಿ.

ಇಂತಿ,
ಸುಭದ್ರಮ್ಮ

ಮರೆತ ಮಾತು: ದನಿಯನ್ನು ಪರೀಕ್ಷಿಸಿದೆ ಎಂದು ಮೇಲೆ ಬರೆದಿದ್ದೇನೆ. ಬರೀ ಪರೀಕ್ಷೆಯಾಗಿದ್ದರೆ ನನಗೆ ಮಧ್ಯಾಹ್ನದ ರೈಲು ತಪ್ಪುತ್ತಿರಲಿಲ್ಲ. ನುಡಿಸುತ್ತಿದ್ದಷ್ಟು ಹೊತ್ತೂ ಬಾಗಿಲ ಪರದೆಯ ಕೆಳಗೆ ನಿಮ್ಮ ಪಾದಗಳು ಕಾಣುತ್ತಿದ್ದವು. ನೀವು ಒಳಗೆ ಬಂದಿದ್ದರೆ ಆ ಕ್ಷಣವೇ ಕಮಾನು ಕೆಳಗಿಡುತ್ತಿದ್ದೆ. ನೀವು ಬರಲಿಲ್ಲ, ಕೆಮ್ಮಲೂ ಇಲ್ಲ. ವಾದ್ಯವನ್ನು ಕ್ಲಬ್ಬಿಗೆ ಕೊಡಬೇಡಿ. ಶನಿವಾರ ಶಾಲೆ ಅರ್ಧ ದಿನ. ನಾನು ಬಂದು ನುಡಿಸಿ, ಸಂಜೆಯ ರೈಲಿಗೆ ಹೊರಡುತ್ತೇನೆ. ಅತಿಥಿಗಳು ಬೇಡ, ಟೀ ಬೇಡ, ಮಾತು ಬೇಡ. ಪರದೆ ಹಾಗೆಯೇ ಇರಲಿ. ನೀವು ಅದರಾಚೆ ಒಂದು ಕುರ್ಚಿ ಹಾಕಿಕೊಳ್ಳಿ. ಭಾನುವಾರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಲೇ ಇದ್ದಿರಿ.