ಬಿಡುವಿನ ತಿಂಗಳಲ್ಲಿ ಹಣ್ಣಾದ ಹುಳು

ಮಾರ್ಚ್ 2, ಭಾನುವಾರ
ರೇಷ್ಮೆ ಹುಳು ಮನೆ ತೊಳೆದೆ. ಬ್ಲೀಚಿಂಗ್ ವಾಸನೆ ಇನ್ನೂ ಕೈಯಿಂದ ಹೋಗಿಲ್ಲ. ಸಂಜೆ ಹಾಲಿನ ಡೈರಿ ಹತ್ತಿರ ಊರಿನ ಮೀಟಿಂಗ್. ಮಾತಾಡಿದ್ದು ಯಾರು? ನಮ್ಮ ಶಾಂಭವಿ. ಮೈದುನನ ಹೆಂಡತಿ, ಹೈಸ್ಕೂಲ್ ಟೀಚರ್. ಒಂದು ದಿನ ಸೊಪ್ಪು ಕುಯ್ದವಳಲ್ಲ, ರೇಷ್ಮೆ ಬಗ್ಗೆ ಭಾಷಣ! “ಭೂಮಿ ಕಾದೋಗ್ತಿದೆ. ಬೆಳೆಯೋದೂ ಕಮ್ಮಿ ಮಾಡಣ, ಕೊಳ್ಳೋದೂ ಕಮ್ಮಿ ಮಾಡಣ. ಏಪ್ರಿಲ್, ಮೇ ಯಾರೂ ಹುಳು ಮೇಯಿಸೋದು ಬೇಡ. ಬೋರ್‌ವೆಲ್‌ಗೂ ಬಿಡುವು, ನಮಗೂ ಬಿಡುವು.” ಚೆನ್ನರಾಯಪ್ಪನವರಂಥ ಹಿರಿಯರೇ ತಲೆಯಾಡಿಸಿದರು. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಎಲ್ಲರೂ ನೋಡ್ತಿದ್ದರಲ್ಲ…

ಮಾರ್ಚ್ 3
ಇವರು ಊಟಕ್ಕೆ ಕೂತು, “ಶಾಂಭವಿ ಎಷ್ಟು ಚೆನ್ನಾಗಿ ಹೇಳ್ತಾಳೆ ಕಣೇ.”
ನಾನು, ಈ ಮಾಲಾ, ಬೆಳೆದ ರೇಷ್ಮೆ ಗೂಡು ಅಂದರೆ ಶಿಡ್ಲಘಟ್ಟ ಮಾರ್ಕೆಟ್‌ನಲ್ಲಿ ಕೈಗೆತ್ತಿಕೊಂಡು ನೋಡ್ತಾರೆ. ಅದನ್ನ ಯಾವತ್ತಾದರೂ ಹೇಳಿದ್ರಾ? ಸಾರಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿ ಬಡಿಸಿದೆ. ಬೇಕಂತಲೇ.

ಏಪ್ರಿಲ್ 6
ಯಾರಿಗೂ ಹೇಳದೆ ಮರಿ ಹುಳು ತಂದೆ. ಊರೆಲ್ಲ ಬಿಡುವು ಅಂತ ಕೂತಿರುವಾಗ ನನ್ನ ಗೂಡೊಂದೇ ಮಾರ್ಕೆಟ್‌ಗೆ ಹೋಗಬೇಕು. ಆಗ ಗೊತ್ತಾಗುತ್ತೆ, ಈ ಮನೇಲಿ ಯಾರು ಏನು ಅಂತ.
ಇವರು: “ನಾನಾಗೇ ಹೇಳಲ್ಲ. ಕೇಳಿದ್ರೆ ಸುಳ್ಳೂ ಹೇಳಲ್ಲ.”

ಏಪ್ರಿಲ್ 16
ಹುಳು ನಾಲ್ಕನೇ ಜ್ವರದಲ್ಲಿವೆ. ತಲೆ ಎತ್ತಿ ಮಲಗಿವೆ, ಪೊರೆ ಬಿಟ್ಟು ಏಳ್ತವೆ. ಒಂದೂ ಸೊರಗಿಲ್ಲ. ತೋರಿಸೋಕೆ ಯಾರೂ ಇಲ್ಲ.
ಗೋಡೆಯಾಚೆ ಶಾಂಭವಿ ಅಂಗಳ. ಅವಳಿಗೆ ರಜಾ. ಹೆಂಗಸರೆಲ್ಲ ಕೂತು ಹಳೇ ಸೀರೆಯಲ್ಲಿ ಬ್ಯಾಗ್ ಹೊಲಿಯೋದು, ನಗೋದು. ನನ್ನ ಗೆಳತಿ ಗೋದಮ್ಮ ಕೂಡ ಅಲ್ಲೇ! “ಅಕ್ಕ, ನೀವೂ ಬನ್ನಿ” ಅಂದಳು ಶಾಂಭವಿ. ತಲೆನೋವು ಅಂದೆ. ಹೊಟ್ಟೆ ಉರೀತು.

ಏಪ್ರಿಲ್ 24, ಬೆಳಗ್ಗೆ
ಹುಳು ಹಣ್ಣಾಗಿವೆ. ಮೈ ಹೊಳೀತಿದೆ, ಗೂಡು ಕಟ್ಟೋಕೆ ಜಾಗ ಹುಡುಕ್ತಿವೆ. ಅಷ್ಟೂ ಒಂದೇ ಸಲ. ಸೊಪ್ಪಿನ ಯೋಚನೆ ಮಾಡಿದ್ದೆ, ಕದ್ದು ಮೋಟಾರ್ ಹಾಕೋದನ್ನೂ ಯೋಚಿಸಿದ್ದೆ. ಕೈಗಳ ಯೋಚನೆಯೇ ಬರಲಿಲ್ಲ. ಪ್ರತಿ ಸಲ ಬೀದಿಯೇ ಬಂದು ಹಣ್ಣಾದ ಹುಳು ಆರಿಸಿ, ಗೂಡು ಕಟ್ಟೋ ಬಿದಿರಿನ ಚಂದ್ರಿಕೆಗೆ ಬಿಡ್ತಿತ್ತು. ಈಗ ಯಾವ ಮುಖ ಇಟ್ಕೊಂಡು ಕರೀಲಿ? ಇವರು ಅತ್ತೆನ ಚಿಂತಾಮಣಿ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರೆ. ಒಬ್ಬಳೇ ಮಾಡಿದರೆ ಅರ್ಧ ಹಾಳು.
ಗೋಡೆಯಾಚೆ ಅವಳಿದ್ದಾಳೆ. ದೇವರೇ, ಅವಳನ್ನಾ?

ಸಂಜೆ
ಕರೆದೆ. ಬಾಗಿಲಲ್ಲೇ ನಿಂತು ನೋಡಿದಳು. ಮುಖ ಸಣ್ಣದಾಯ್ತು. ಹಾಗೇ ತಿರುಗಿ ಹೊರಗೆ ಹೋದಳು. ಮುಗೀತು, ಊರಿಗೆಲ್ಲ ಹೇಳ್ತಾಳೆ ಅಂದ್ಕೊಂಡೆ. ಹೇಳೇ ಹೇಳಿದಳು. “ಅಕ್ಕನ ಹುಳು ಹಣ್ಣಾಗಿದೆ, ಬನ್ರೇ.” ಅಷ್ಟೇ.
ಬೀದಿಯೇ ಬಂತು. ಗೋದಮ್ಮ ಮಾತ್ರ, “ನಂಗೂ ಹೇಳ್ಬೇಕು ಅನ್ನಿಸ್ಲಿಲ್ಲ ಅಲ್ವೇನೇ?” ಅಂದಳು. ಹುಳುವಿನ ತಟ್ಟೆ ಅವಳ ಮುಂದೆ ಸರಿಸಿದೆ.
ಶಾಂಭವಿ ಹಣ್ಣಾಗದ ಹುಳು ಆರಿಸ್ತಿದ್ದಳು. ಗದರಿದೆ. “ನಂಗೆ ಗೊತ್ತಾಗಲ್ಲ ಅಕ್ಕ, ತೋರ್ಸಿ.” ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಇದರಲ್ಲೂ ಅವಳೇ ಗೆದ್ದಳು.
ಕದ್ದು ಹುಳು ಮೇಯಿಸಿದ್ದನ್ನ ಭಾನುವಾರ ಮೀಟಿಂಗಲ್ಲಿ ನಾನೇ ಎದ್ದು ಹೇಳಬೇಕಂತೆ. ಪಕ್ಕದಲ್ಲಿ ಕೂರ್ತಾಳಂತೆ.
ಹಿತ್ತಲಲ್ಲಿ ಕೈ ತೊಳೀತಿದ್ದಾಳೆ. ಕಾಫಿ ಇಡಬೇಕು. ಸಕ್ಕರೆ ಎಷ್ಟು ಅಂತ ಇಷ್ಟು ವರ್ಷದಲ್ಲಿ ಕೇಳೇ ಇಲ್ಲ. ಅದೂ ಕಮ್ಮಿನೇ ಇರಬೇಕು. ಕೇಳಿ ಬರ್ತೀನಿ —