ಮೆಲ್ಲಕ್ಕ ಇಳಿದು ಬರುವ ಹೊತ್ತು

ಪ್ರೀತಿಯ ಅಕ್ಕಾ,

ಹೇಗಿದ್ದೀ ಎಂದು ಕೇಳಿದರೆ ನೀನು ನಗುತ್ತೀ. "ಹೋದವಳ ಹತ್ತಿರ ಎಂತ ಕ್ಷೇಮ ಸಮಾಚಾರ ಮಾರಾಯ?" ಅನ್ನುತ್ತೀ. ಅನ್ನು. ಕೇಳದಿದ್ದರೆ ನನ್ನ ಪತ್ರ ಮುಂದೆ ಹೋಗುವುದು ಹೇಗೆ?

ಮೊನ್ನೆ ಸಂಜೆ ಮಣ್ಣಗುಡ್ಡದ ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಬರುತ್ತಿದ್ದೆ. ಕುಲಶೇಖರದ ಕಡೆ ಮೋಡ ಒಂದರ ಮೇಲೊಂದು ಹತ್ತಿ ಕೂತು ದೊಡ್ಡ ಗುಡ್ಡೆಯಾಗಿತ್ತು. ಅದರ ಓರೆಯಲ್ಲಿ ಒಂದು ಕಪ್ಪು ಗೆರೆ, ಗೆರೆಯ ಮೇಲೆ ಏನೋ ಸಣ್ಣದು ಹತ್ತುತ್ತಿತ್ತು. ಹದ್ದೇ ಇರಬೇಕು. ನನಗೆ ಮಾತ್ರ ನಿನ್ನ ಕತೆಯ ಮೆಲ್ಲಕ್ಕನ ಹಾಗೆಯೇ ಕಂಡಿತು. ನಡುರಸ್ತೆಯಲ್ಲೇ ನಿಂತುಬಿಟ್ಟೆ. ಹಿಂದಿನ ಬಸ್ಸಿನವ ಹಾರ್ನ್ ಹೊಡೆದು ಹೊಡೆದು ಕೊನೆಗೆ ಬೈದು ಹೋದ.

ನೀನು ಮೊದಲ ಸಲ ಆ ಕತೆ ಹೇಳಿದ ದಿನ ನೆನಪುಂಟಾ? ನಿನ್ನ ಮಗಳು ಧನ್ವಿ ಬಾಯಿ ಬಿಗಿದು ಕೂತಿದ್ದಳು, ಒಂದು ತುತ್ತು ಒಳಗೆ ಹೋಗುತ್ತಿರಲಿಲ್ಲ. ನೀನು ಕಾಯಿ ತುರಿಯುವ ಮಣೆಯನ್ನೇ ಎತ್ತಿ ತೋರಿಸಿ, "ನೋಡು, ಇಂಥ ಹಲ್ಲಿನ ಚಕ್ರ ಇರುವ ಇಂಜಿನ್ ಒಂದುಂಟು, ಹೆಸರು ಮೆಲ್ಲಕ್ಕ," ಎಂದೆ. ಎರಡು ಹಳಿಗಳ ನಡುವೆ ಮೂರನೆಯದು ಹಲ್ಲಿನ ಹಳಿ. ಹಲ್ಲಿಗೆ ಹಲ್ಲು ಕಚ್ಚಿ ಕಟಕಟ ಎನ್ನುತ್ತ ನೆಟ್ಟಗಿನ ಗುಡ್ಡೆ ಹತ್ತುವುದು. ಮೋಡ ಒಣಗಿಸುವ ಸ್ಟೇಷನ್ ಒಂದು, ನಕ್ಷತ್ರಗಳು ಹಗಲು ನಿದ್ದೆ ಮಾಡುವ ಸ್ಟೇಷನ್ ಇನ್ನೊಂದು. ಅಂಥ ರೈಲನ್ನು ನಮ್ಮ ಮನೆಯಲ್ಲಿ ಯಾರು ಕಂಡಿದ್ದೆವು? ನಾನು ಬಾಯಿ ತೆರೆದು ಕೇಳುತ್ತ ಕೂತೆ, ನನ್ನ ಗಂಜಿ ಆರಿತು. ಮದುವೆಯ ಪ್ರಾಯದ ಗಂಡಸು, ನಾಚಿಕೆಯಿಲ್ಲ.

ಕತೆಗೆ ನೀನು ಮಾಡಿದ ಕಾನೂನು ಒಂದೇ. ಹತ್ತಿಸಿಕೊಂಡು ಹೋದವರನ್ನೆಲ್ಲ ಮೆಲ್ಲಕ್ಕ ದೀಪ ಹಚ್ಚುವ ಹೊತ್ತಿಗೆ ಇಳಿಸಿ ತಂದು ಮನೆ ಮುಟ್ಟಿಸಬೇಕು. ಒಬ್ಬರನ್ನೂ ಬಿಟ್ಟು ಬರುವಂತಿಲ್ಲ. ಅಲ್ಲಿಯವರೆಗೆ ಕತೆ ಕೇಳದೆ ಧನ್ವಿ ಕೈ ತೊಳೆಯುತ್ತಿರಲಿಲ್ಲ. ನಮ್ಮ ಅಮ್ಮನೊಬ್ಬಳು ಅಲ್ಲಿಯವರೆಗೆ ಎಚ್ಚರ ಇದ್ದದ್ದಿಲ್ಲ. ಎರಡನೆಯ ಸ್ಟೇಷನ್ನಿಗೇ ಅವಳಿಗೆ ಗೊರಕೆ.

ಆಸ್ಪತ್ರೆಯಿಂದ ನಿನ್ನನ್ನು ತಂದ ದಿನ ಮಗುವನ್ನು ಪಕ್ಕದ ಮನೆಗೆ ಕಳಿಸಿದ್ದೆವು. ಎಲ್ಲ ಮುಗಿದ ಮೇಲೆ ಬಂದು, "ಅಮ್ಮ ಎಲ್ಲಿ?" ಎಂದಳು. ಆರು ವರ್ಷದ ಮಗುವಿಗೆ ಯಾರು ಏನು ಹೇಳುವುದು? ಭಾವ ಗೋಡೆಗೆ ಮುಖ ಮಾಡಿ ನಿಂತಿದ್ದರು. ನಮ್ಮ ಅಮ್ಮ ಅವಳನ್ನು ತಬ್ಬಿಕೊಂಡು, "ನಿನ್ನ ಅಮ್ಮ ಮೆಲ್ಲಕ್ಕನಲ್ಲಿ ಗುಡ್ಡೆ ಹತ್ತಿದ್ದಾಳೆ ಮಗಾ," ಎಂದುಬಿಟ್ಟಳು. ಕತೆಯ ಕೊನೆ ಗೊತ್ತಿದ್ದರೆ ಹಾಗೆ ಹೇಳುತ್ತಿದ್ದಳಾ? ಪಾಪ, ಅವಳಿಗೇನು ಗೊತ್ತು, ಮೆಲ್ಲಕ್ಕ ಎಲ್ಲರನ್ನೂ ವಾಪಸು ತರುವವಳು ಎಂದು...

ಮರುದಿನದಿಂದ ನಿನ್ನ ಮಗಳು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಗೇಟಿನ ಹತ್ತಿರ. ಅಳು ಇಲ್ಲ, ಹಟ ಇಲ್ಲ. ಶಕ್ತಿನಗರದ ಏರು ರಸ್ತೆಯನ್ನೇ ನೋಡುತ್ತ ನಿಲ್ಲುವುದು. ಅತ್ತಿದ್ದರೆ ಎತ್ತಿಕೊಳ್ಳಬಹುದಿತ್ತು. ನಗುನಗುತ್ತ ಕಾಯುವ ಮಗುವನ್ನು ಏನು ಮಾಡುವುದು ಅಕ್ಕಾ? ಭಾವ ರಜೆ ಮುಗಿದು ಕತಾರಿಗೆ ಹೋದರು. ಕಾಯುವುದು ನಿಲ್ಲಲಿಲ್ಲ. ನಾನೂ ಜೊತೆಗೆ ನಿಲ್ಲತೊಡಗಿದೆ. ಬೀದಿದೀಪ ಹತ್ತಿ ರಸ್ತೆ ಮಿನುಗುವಾಗ ಅದರ ನಡುವೆ ಹಲ್ಲಿನ ಹಳಿ ಕಂಡ ಹಾಗೆ, ಮೇಲಿನ ತಿರುವಿನಲ್ಲಿ ಕಟಕಟ ಕೇಳಿದ ಹಾಗೆ ಆಗುತ್ತಿತ್ತು. ಈಗ ಬಂದಳು, ಇನ್ನೇನು ಬಂದಳು... ನಿಜ ಹೇಳುತ್ತೇನೆ, ನಾನೂ ಕಾಯುತ್ತಿದ್ದೆ.

ಆಟಿ ತಿಂಗಳು ಬಂತು. ತೀರಿಹೋದವರಿಗೆ ಬಡಿಸುವ ಕ್ರಮ ಬಿಡಲಿಕ್ಕುಂಟಾ? ಅಮ್ಮ ಬೆಳಗಿನಿಂದ ನಿನಗೆ ಬೇಕಾದದ್ದನ್ನೆಲ್ಲ ಮಾಡಿದಳು. ನೀರುದೋಸೆ, ಬಂಗುಡೆ ಪುಳಿಮುಂಚಿ, ಗೋಳಿಬಜೆ. ಕೊನೆಗೆ ನನ್ನನ್ನು ಕರೆದು, "ಅವಳಿಗೆ ಗಡ್‌ಬಡ್ ಐಸ್‌ಕ್ರೀಮ್ ಇಷ್ಟ ಅಲ್ವಾ, ತರ್ತೀಯಾ?" ಎಂದಳು. "ಅದನ್ನು ಬಾಳೆಲೆಗೆ ಬಡಿಸುವುದು ಹೇಗಮ್ಮ?" ಎಂದು ರೇಗಿದೆ. ರೇಗಿ, ಹೋಗಿ ತಂದೆ. ಎಲೆ ತುಂಬ ಹರಿಯಿತು, ನೋಡಿದ್ದೀಯಲ್ಲ.

ಬಡಿಸಿ, ತೀರಿಹೋದವರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂತೆವು. ಧನ್ವಿ ನನ್ನ ಅಂಗಿ ಜಗ್ಗಿದಳು. "ಮಾಮ, ಒಳಗೆ ಯಾರು ಉಣ್ತಾ ಇದ್ದಾರೆ?"

"ನಿನ್ನ ಅಮ್ಮ."

ಅವಳ ಮುಖ ಬೆಳಗಿದ್ದನ್ನು ನೀನು ನೋಡಬೇಕಿತ್ತು. "ಇಳಿದು ಬಂದಳಾ?" ಎಂದವಳೇ ಬಾಗಿಲಿಗೆ ಓಡಿದಳು. ನಾನು ಹಿಡಿದುಕೊಂಡೆ. ಅಮ್ಮ ಬೇಡ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಳು. ಬಾಗಿಲು ತೆರೆದಾಗ ಮಗು ಖಾಲಿ ಕೋಣೆ ನೋಡುವುದಕ್ಕಿಂತ ಮೊದಲೇ ಯಾರಾದರೂ ಹೇಳಬೇಕಲ್ಲ?

"ಇಲ್ಲ ಧನ್ವಿ. ಅಮ್ಮ ಸತ್ತಿದ್ದಾಳೆ. ಸತ್ತವರು ಬರುವುದಿಲ್ಲ. ನಮಗೆ ಅವಳ ಮೇಲೆ ಪ್ರೀತಿ ಉಂಟಲ್ಲ, ಅದಕ್ಕೆ ಬಡಿಸಿದ್ದು."

"ಸುಳ್ಳು! ಮೆಲ್ಲಕ್ಕ ಯಾರನ್ನೂ ಬಿಟ್ಟು ಬರುವುದಿಲ್ಲ!" ಎಂದು ನನ್ನ ಎದೆಗೆ ಗುದ್ದಿದಳು. ಗುದ್ದಲಿ ಎಂದು ಬಿಟ್ಟೆ. ಆಗಲೂ ಅಳಲಿಲ್ಲ. ಇಡೀ ದಿನ ನನ್ನ ಹತ್ತಿರ ಟೂ, ಮಾತು ಬಿಟ್ಟಳು. ಅಮ್ಮನೂ ಟೂ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ಮರುದಿನ ಸಂಜೆ ಅವಳು ಗೇಟಿಗೆ ಹೋಗಲಿಲ್ಲ. ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತು, "ಇವತ್ತು ಕತೆ ನಾನು ಹೇಳ್ತೇನೆ," ಎಂದಳು. ನಿನ್ನದೇ ಧ್ವನಿ, ನೀನು ಕೈ ಆಡಿಸುವ ಹಾಗೆಯೇ ಕೈ.

"ಅಮ್ಮ ಎಲ್ಲಕ್ಕಿಂತ ಮೇಲಿನ ಸ್ಟೇಷನ್ನಲ್ಲಿ ಇಳಿದಳು. ಮೆಲ್ಲಕ್ಕ ಕೂ ಅಂದಳು. ಮತ್ತೊಂದು ಸಲ ಕೂ ಅಂದಳು. ಅಮ್ಮ ಬರಲೇ ಇಲ್ಲ. ಕತ್ತಲಾಯಿತಲ್ಲ, ಮೆಲ್ಲಕ್ಕ ಒಬ್ಬಳೇ ಇಳಿದು ಬಂದಳು."

"ಆಮೇಲೆ?"

"ಆಮೇಲೆ ಎಂತ ಇಲ್ಲ ಮಾಮ. ಮನೆಗೆ ಬಂದು..."

ನೀನು ಹೋದ ಮೇಲೆ ಮೊದಲ ಸಲ ನಿನ್ನ ಮಗಳು ಅಮ್ಮಾ ಎಂದು ಕೂಗಿ ಅತ್ತಳು, ಅಕ್ಕಾ. ನಾನು ಅಳಬೇಡ ಎನ್ನಲಿಲ್ಲ. ಇನ್ನು ಈ ಮನೆಯಲ್ಲಿ ಅವಳಿಗೆ ಯಾರೂ ಹಾಗೆ ಹೇಳದ ಹಾಗೆ ನೋಡಿಕೊಳ್ಳುತ್ತೇನೆ.

ಅಳು ಕೇಳಿ ಅಮ್ಮ ಒಳಗಿಂದ ಓಡಿ ಬಂದು, "ಎಂತ ಆಯ್ತು ಮಗಾ, ಎಂತ ಆಯ್ತು?" ಎಂದಳು. ಧನ್ವಿ ಎದ್ದು ಹೋಗಿ ಅವಳ ಸೊಂಟ ತಬ್ಬಿಕೊಂಡಳು. "ಅಜ್ಜಿ, ಅಮ್ಮ ಸತ್ತಿದ್ದಾಳೆ," ಎಂದಳು, ಅಜ್ಜಿಗೆ ಇನ್ನೂ ಯಾರೂ ತಿಳಿಸಿಲ್ಲವೇನೋ ಎಂಬ ಹಾಗೆ, ಬಹಳ ಮೆತ್ತಗೆ.

ನಿನ್ನ ತಮ್ಮ