ಸೋಮವಾರದ ಖಾಲಿ ಖಾನೆ

ಮುರಗೋಡ,
ಸೋಮವಾರ, ೯ ಫೆಬ್ರುವರಿ ೨೦೨೬

ಪ್ರೀತಿಯ ಅವ್ವಾ, ನಿನ್ನ ನೀಲಾಳ ಶರಣು.

ಮೊಣಕಾಲು ಹೇಗಿದೆ? ರಾಮದುರ್ಗದ ಥಂಡಿಯಲ್ಲಿ ನಸುಕಿನಲ್ಲೇ ಎದ್ದು ಅಕ್ಕನ ಕೂಸಿಗೆ ನೀರು ಕಾಯಿಸಬೇಡ. ಕೂಸಿನ ಕೆಮ್ಮು ನಿಂತಿತೋ ಇಲ್ಲವೋ ಅಂತ ನನಗೆ ಒಂದೇ ಸವನೆ ಕಾಳಜಿ. ಎಮ್ಮೆ ಆರಾಮಾಗಿದೆ, ನಿನ್ನ ಸೀರೆ ಉಟ್ಟು ಕುಂತರಷ್ಟೇ ನನಗೆ ಹಾಲು ಬಿಡುತ್ತದೆ.

ಫೋನಿನಲ್ಲಿ ಹೇಳಿದರೆ ನಡುವೆಯೇ ಅಳುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಉಮಾಶ್ರೀ ಅಕ್ಕ ಓದಿ ಹೇಳಲಿ. ಹೋದ ವಾರ ಡೈರಿಯ ಕಂಪ್ಯೂಟರಿನಲ್ಲಿ ಮೊದಲ ಸಲ ವಾರದ ಸರಾಸರಿ ತೆಗೆದಾಗ ನಿನ್ನ ಹಾಲಿನ ಫ್ಯಾಟು ಆರು ಅಂತ ಬಂತಲ್ಲ, ಆರೂವರೆಗಿಂತ ಕಡಿಮೆಯಾದರೆ ಡೈರಿಯವರು ಹಾಲು ತಗೊಳ್ಳುವುದೇ ಬಂದ್. ಸೆಕ್ರೆಟರಿ ಮಹಾಂತಪ್ಪ ಕಾಕಾ ಎಲ್ಲರೆದುರೇ, "ಏನವಾ ನೀಲಾ, ನಿಮ್ಮ ಎಮ್ಮಿ ಮಲಪ್ರಭಾ ಹೊಳ್ಯಾಗ ನಿಂತ ಹಾಲ ಕೊಡತೈತೇನ?" ಅಂದರು. ಕಂಪ್ಯೂಟರಿಗೆ ಲೆಕ್ಕ ತುಂಬುವವಳು ನಾನೇ, ನಾನೇ ತಿದ್ದಿದರೆ ಮಂದಿ ಏನಂದಾರು ಅಂತ ಊಟ ಸೇರಲಿಲ್ಲ. ಆದರೆ ನಿನ್ನ ಹಾಲು ಒಂದು ದಿನವೂ ಏಳಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ. ಸರಾಸರಿ ಮಾತ್ರ ಆರು ಹೇಗೆ ಬಂತು?

ಆಮೇಲೆ ಹೊಳೆಯಿತು. ಸೋಮವಾರದ ಹಾಲು ನಮ್ಮ ಮನೆಯಿಂದ ಮಠಕ್ಕೇ ಹೋಗುತ್ತದೆ. ಆ ಖಾನೆ ಖಾಲಿ ಬಿಟ್ಟರೆ ಸಾಲಿ ಕಲಿಯುವುದನ್ನು ಬಿಟ್ಟ ಹಾಗೆ ಇದನ್ನೂ ಅರ್ಧಕ್ಕೇ ಬಿಟ್ಟಳು ಅಂದಾರು ಅಂತ ಹೆದರಿ ನಾನು ಸೊನ್ನೆ ಬರೆಯುತ್ತಿದ್ದೆ. ಕಂಪ್ಯೂಟರಿನ ಸರಾಸರಿ ಸೂತ್ರ ಖಾಲಿ ಖಾನೆಯನ್ನು ಬಿಟ್ಟುಬಿಡುತ್ತದೆ, ಸೊನ್ನೆ ಇದ್ದರೆ ಅದನ್ನೂ ಒಂದು ದಿನ ಅಂತ ಎಣಿಸುತ್ತದೆ. ಊಟಕ್ಕೆ ಬಾರದವನಿಗೂ ತಾಟು ಇಟ್ಟು ರೊಟ್ಟಿ ಹಂಚಿದ ಹಾಗೆ!

ಮರುದಿನ ಹಾಲು ಹಾಕಲು ಬಂದವರನ್ನೆಲ್ಲ ನಿಲ್ಲಿಸಿ, "ಕಾಕಾ, ಹಾಲ ಹಾಕದ ದಿನ ಫ್ಯಾಟ್ ಸೊನ್ನಿ ಅಲ್ಲರಿ, ಆವತ್ತ ಅಳತಿನ ಆಗಿಲ್ಲರಿ. ನೋಡ್ರಿ," ಅಂತ ಅವರ ಕಣ್ಣೆದುರೇ ಸೊನ್ನೆ ಅಳಿಸಿದೆ. ಆರು ಇದ್ದದ್ದು ಏಳಾಯಿತು. ಮಠಕ್ಕೆ ಹಾಲು ಕೊಡುವ ಬಾಜೂಮನೆ ಮಾಯವ್ವನದೂ ಏರಿತು. ಕಾಕಾ ನಕ್ಕು, "ಹಂಗಾರ ಇಷ್ಟ ದಿನಾ ಹಾಲಿಗೆ ನೀರ ಹಾಕಿದಾಕಿ ನೀನಾ!" ಅಂದರು. ಅನ್ನಲಿ ಬಿಡು, ನಿನ್ನ ಮೇಲಿನ ಮಾತು ಹೋಯಿತಲ್ಲ.

ಅಕ್ಕನಿಗೆ ನಮಸ್ಕಾರ, ಕೂಸಿಗೆ ಮುದ್ದು. ಕಾಲಿಗೆ ಎಣ್ಣೆ ಹಚ್ಚಿಸಿಕೋ.

ನಿನ್ನ ಮಗಳು,
ನೀಲಾ

ತಾ.ಕ.: ಒಳ್ಳೆಯ ಹಾಲು ಮಠಕ್ಕೆ, ನೀರು ಡೈರಿಗೆ ಅನ್ನುವ ಮಂದಿ ಬಾಯಿಗೆ ಅಂಜಿ ನೀನು ಹೋದ ವಾರ ಫೋನಿನಲ್ಲಿ, "ಇನ್ನ ಸೋಮವಾರದ ಹಾಲೂ ಡೈರಿಗೇ ಹಾಕವಾ" ಅಂದು ಅತ್ತಿದ್ದೆ. ಅದೊಂದು ಮಾತು ನಾನು ಕೇಳಲಿಲ್ಲ. ಇವತ್ತಿನ ಹಾಲು ಮಠಕ್ಕೆ ಮುಟ್ಟಿದೆ. ನಿನ್ನ ಹೆಸರಿನ ಮುಂದಿನ ಖಾನೆ ಖಾಲಿ ಬಿಟ್ಟಿದ್ದೇನೆ.